ಹೊಗೆ ಹೊರಹಾಕುವ ಫ್ಯಾನುಗಳ ತಾಪಪರೀಕ್ಷೆ

೧. ಬೆಳಕಿಂಡಿ ಮತ್ತು ಫ್ಯಾನು

ನವಲಗುಂದ ಸೀಮೆಯ ಹಳೆಯ ಮನೆಗಳಲ್ಲಿ ಬಹುಭಾಗವು ಮಣ್ಣಿನ ಮಾಳಿಗೆಯವು. ತೊಲೆಜಂತೆಗಳ ಮೇಲೆ ಮಣ್ಣನ್ನು ಹರವಿ ಗಟ್ಟಿಸಿದ ಚಪ್ಪಟೆಯಾದ ಮೇಲ್ಮುದ್ದೆಯೇ ಅವುಗಳ ಚಾವಣಿ. ಈ ಚಾವಣಿಯಲ್ಲಿ ಒಂದೆರಡು ಕಡೆ ಬೆಳಕಿಂಡಿಗಳನ್ನು ಬಿಡುವುದು ರೂಢಿ. ಹೆಸರು ಬೆಳಕಿನದಾದರೂ ಅಡಿಗೆಮನೆಯ ಬೆಳಕಿಂಡಿಗೆ ಎರಡು ಕೆಲಸಗಳುಂಟು: ಹಗಲಿನ ಬೆಳಕನ್ನು ಒಳಕ್ಕೆ ತರುವುದೊಂದು, ಒಲೆಯ ಹೊಗೆಯನ್ನು ಹೊರಕ್ಕೆ ಬಿಡುವುದೊಂದು. ಕಾದ ಗಾಳಿಯು ಹಗುರಾಗಿ ಮೇಲಕ್ಕೇರುತ್ತದೆ; ಹೊಗೆಯೂ ಅದರೊಡನೆ ಏರಿ ಕಿಂಡಿಯಿಂದ ಹೊರಬೀಳುತ್ತದೆ; ಬಾಗಿಲಿನ ಕಡೆಯಿಂದ ತಣ್ಣನೆಯ ಗಾಳಿಯು ಬಂದು ಅದರ ಸ್ಥಾನವನ್ನು ತುಂಬುತ್ತದೆ. ಈ ಏರ್ಪಾಟಿನಲ್ಲಿ ಗಮನಿಸತಕ್ಕ ಗುಣವೊಂದಿದೆ. ಉರಿಯು ಹೆಚ್ಚಿದಷ್ಟೂ ಹೊಗೆಯ ಏರಿಕೆಯ ವೇಗವೂ ಹೆಚ್ಚುತ್ತದೆ. ಅಂದರೆ ಇಲ್ಲಿ ಹೊಗೆಯನ್ನು ಸಾಗಿಸುವ ಶಕ್ತಿಯು ತಾಪವೇ. ಕಿಂಡಿಯಲ್ಲಿ ತಿರುಗುವ ಭಾಗವಿಲ್ಲ, ಕರಗುವ ಭಾಗವೂ ಇಲ್ಲ. ಆದುದರಿಂದ ಅದು ಬಿಸಿಗೆ ತಡೆಯುವುದೋ ಇಲ್ಲವೋ ಎಂಬ ಸಂದೇಹಕ್ಕೆ ಎಡೆಯೇ ಹುಟ್ಟಲಿಲ್ಲ.

ಆದರೆ ಎಲ್ಲ ಕಟ್ಟಡಗಳಿಗೂ ಈ ಸೌಕರ್ಯವು ದೊರೆಯುವಂತಿಲ್ಲ. ವಾಹನಗಳನ್ನು ನಿಲ್ಲಿಸುವ ನೆಲಮಾಳಿಗೆ, ಹತ್ತಾರು ಅಂತಸ್ತುಗಳ ಕಟ್ಟಡದ ನಡುವಣ ಓಣಿ, ಭೂಮಿಯ ಕೆಳಗಣ ರೈಲುನಿಲ್ದಾಣ, ಇವುಗಳ ಮೇಲೆ ಬಯಲು ಆಕಾಶವಿಲ್ಲ. ಬೆಂಗಳೂರಿನಲ್ಲಿ ಮೆಟ್ರೋ ರೈಲಿನ ಮೊದಲ ಸುರಂಗಮಾರ್ಗವು ೨೦೧೬ನೆಯ ಇಸವಿಯಲ್ಲಿ ತೆರೆಯಲ್ಪಟ್ಟಿತು. ಅಂತಹ ಮಾರ್ಗದಲ್ಲಿ ಹೊಗೆಯು ತಾನಾಗಿ ಮೇಲೇರಿ ಹೋಗಲಿ ಎಂದು ಕಾಯುವಂತಿಲ್ಲ. ಇಂತಹ ಸ್ಥಳಗಳಲ್ಲಿ ಹೊಗೆಯನ್ನು ವಿದ್ಯುತ್ತಿನ ಫ್ಯಾನುಗಳಿಂದ ಎಳೆದು ಕೊಳವೆಗಳ ಮೂಲಕ ಹೊರಹಾಕಬೇಕಾಗುತ್ತದೆ. ಇಲ್ಲಿ ಸ್ಥಿತಿಯು ಪೂರ್ಣವಾಗಿ ತಿರುಗಿಬೀಳುವುದು. ಬೆಳಕಿಂಡಿಗೆ ಸಹಾಯಕವಾಗಿದ್ದ ತಾಪವೇ ಫ್ಯಾನಿಗೆ ವೈರಿಯಾಗುವುದು. ಯಾವ ಬೆಂಕಿಯ ಹೊಗೆಯನ್ನು ಹೊರಹಾಕಲು ಫ್ಯಾನನ್ನು ಇಟ್ಟಿದೆಯೋ ಆ ಬೆಂಕಿಯೇ ಅದನ್ನು ಕೆಡಿಸಬಲ್ಲುದು. ಈ ವಿರೋಧವನ್ನು ಎದುರಿಸುವ ಸಲುವಾಗಿ ಏರ್ಪಟ್ಟುದೇ ತಾಪಪರೀಕ್ಷೆ.

೨. ಹೊಗೆಯ ಸ್ವರೂಪ

ನಮ್ಮ ತರ್ಕಶಾಸ್ತ್ರದಲ್ಲಿ ಹೊಗೆಗೆ ಪ್ರಸಿದ್ಧವಾದ ಸ್ಥಾನವುಂಟು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದೇ ಅನುಮಾನಕ್ಕೆ ಕೊಡುವ ಮೊದಲ ಉದಾಹರಣೆ. ಆದರೆ ಇದನ್ನು ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಹೇಳಿದರೆ ಅನುಮಾನವು ಕೆಡುತ್ತದೆ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ. ಹಸಿಯ ಕಟ್ಟಿಗೆಯ ಸಂಬಂಧವಿದ್ದಲ್ಲಿ ಮಾತ್ರ ಬೆಂಕಿಯು ಹೊಗೆಯಾಡುತ್ತದೆ. ಈ ಮರೆಯಾದ ನಿಬಂಧನೆಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟರು. ಇಂದಿನ ರಸಾಯನಶಾಸ್ತ್ರವು ಇದೇ ಮಾತನ್ನು ವಿಸ್ತರಿಸಿ, ದಹನವು ಅಪೂರ್ಣವಾದಲ್ಲಿ ಹೊಗೆಯು ಹುಟ್ಟುವುದೆಂದು ಹೇಳುತ್ತದೆ. ಕಟ್ಟಿಗೆಯು ಹಸಿಯಾಗಿರಬೇಕೆಂಬ ನಿಯಮವಿಲ್ಲ. ಗಾಳಿಯ ಕೊರತೆಯೊಂದೇ ಸಾಕು. ಮುಚ್ಚಿದ ಕೋಣೆಯ ಬೆಂಕಿಗೆ ಈ ಕೊರತೆಯು ಬಹು ಬೇಗನೆ ಒದಗುತ್ತದೆ.

ನವಲಗುಂದದವರಿಗೆ ಇದನ್ನು ಹತ್ತಿಯ ದೃಷ್ಟಾಂತದಿಂದ ತಿಳಿಸಬಹುದು. ಆ ಸೀಮೆಯ ಎರೆಹೊಲಗಳು ಹತ್ತಿಗೆ ಹೆಸರಾದವು. ಅಲ್ಲಿಯ ಜಮಖಾನೆಗಳು ಹತ್ತಿಯ ನೂಲಿನಿಂದಲೇ ನೇಯಲ್ಪಡುವುವು. ಒತ್ತಿ ಕಟ್ಟಿದ ಹತ್ತಿಯ ಅಂಡಿಗೆಗೆ ಕಿಡಿ ಬಿದ್ದರೆ ಅದು ಜ್ವಾಲೆಯಾಗಿ ಉರಿಯದೆ ಒಳಗೊಳಗೇ ಕನಲುತ್ತ ಬಹಳ ಹೊತ್ತು ಹೊಗೆಯಾಡುವುದುಂಟು. ಕಣ್ಣಿಗೆ ಉರಿಯು ಕಾಣದಿದ್ದರೂ ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ಆದಕಾರಣ ಬೆಂಕಿಯ ಅನಾಹುತಗಳಲ್ಲಿ ಸುಟ್ಟು ಸಾಯುವುದಕ್ಕಿಂತ ಮುಂಚೆಯೇ ಹೊಗೆಯಿಂದ ಪ್ರಾಣ ಬಿಡುವವರು ಅನೇಕರು. ತರ್ಕದಲ್ಲಿ ಬೆಂಕಿಯ ಕುರುಹಾದ ಹೊಗೆಯು ಕಟ್ಟಡದಲ್ಲಿ ಬೆಂಕಿಗಿಂತಲೂ ಘೋರವಾದ ವಸ್ತುವಾಗಿ ಪರಿಣಮಿಸುತ್ತದೆ.

ಇದಕ್ಕೆ ಕರ್ನಾಟಕದಲ್ಲಿಯೇ ದುಃಖಕರವಾದ ನಿದರ್ಶನವಿದೆ. ೨೦೧೦ನೆಯ ಇಸವಿ ಫೆಬ್ರುವರಿ ೨೩ನೆಯ ದಿನ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹು ಅಂತಸ್ತಿನ ಕಟ್ಟಡದಲ್ಲಿ ಬೆಂಕಿಯು ತೋರಿ, ಹೊಗೆಯು ಮೇಲಿನ ಅಂತಸ್ತುಗಳನ್ನೂ ಇಳಿದು ಹೋಗುವ ಹಾದಿಯನ್ನೂ ತುಂಬಿತು. ಉಸಿರಾಡಲು ಗಾಳಿಯಿಲ್ಲದೆ ಕೆಲವರು ಕಿಟಕಿಗಳಿಂದ ಕೆಳಕ್ಕೆ ಹಾರಿದರು. ಒಟ್ಟು ಒಂಬತ್ತು ಮಂದಿ ಮಡಿದರು. ಮೆಟ್ಟಿಲಿನ ಹಾದಿಯು ಇನ್ನೂ ಕೆಲವು ನಿಮಿಷಗಳ ಮಟ್ಟಿಗೆ ಹೊಗೆಯಿಲ್ಲದೆ ಇದ್ದರೆ ಜನರು ತಮ್ಮ ಕಾಲಿನ ಮೇಲೆ ತಾವೇ ಇಳಿದು ಹೋಗಬಲ್ಲರು. ಹೊಗೆಯನ್ನು ಹೊರಹಾಕುವ ವಿದ್ಯೆಯೆಲ್ಲವೂ ಆ ಕೆಲವು ನಿಮಿಷಗಳನ್ನು ಗಳಿಸಿಕೊಡುವ ವಿದ್ಯೆಯೆಂದು ತಿಳಿಯತಕ್ಕದ್ದು.

ಹೊಗೆಯ ಹಾದಿಯನ್ನು ಮಾಡಿದ ಮಾತ್ರದಿಂದ ಕಾರ್ಯವು ಮುಗಿಯುವುದಿಲ್ಲ. ೧೯೦೩ನೆಯ ಇಸವಿ ಡಿಸೆಂಬರ್ ೩೦ರಂದು ಅಮೆರಿಕದ ಶಿಕಾಗೋ ನಗರದ ಇರೋಕ್ವಾಯ್ ನಾಟಕಶಾಲೆಗೆ ಬೆಂಕಿ ಬಿದ್ದು ೬೦೦ಕ್ಕೂ ಮಿಕ್ಕ ಜನರು ಮೃತರಾದರು. ರಂಗಸ್ಥಳದ ಮೇಲಣ ಚಾವಣಿಯಲ್ಲಿ ಹೊಗೆಗೆಂದು ಕಿಂಡಿಗಳಿದ್ದುವು. ಆದರೆ ಅಂದು ಅವು ತೆರೆದುಕೊಳ್ಳಲಿಲ್ಲ. ಮೇಲಕ್ಕೆ ಹೋಗಬೇಕಾಗಿದ್ದ ಉರಿಯೂ ಹೊಗೆಯೂ ಪ್ರೇಕ್ಷಕರ ಕಡೆಗೆ ನುಗ್ಗಿದುವು. ಸಲಕರಣೆಯು ಇರುವುದು ಬೇರೆ, ಬೆಂಕಿಯ ಹೊತ್ತಿನಲ್ಲಿ ಅದು ನಡೆಯುವುದು ಬೇರೆ ಎಂಬುದನ್ನು ಈ ಘಟನೆಯು ಚೆನ್ನಾಗಿ ತಿಳಿಸುತ್ತದೆ.

೩. ತಾಪದಿಂದ ಫ್ಯಾನಿಗೆ ಒದಗುವ ವಿಕಾರಗಳು

ಫ್ಯಾನನ್ನು ಜೋಡಿಸಿದ ದಿನ ಗುಂಡಿಯನ್ನು ಒತ್ತುತ್ತಾರೆ, ಅದು ತಿರುಗುತ್ತದೆ, ನೋಡಿದವರು ತೃಪ್ತರಾಗುತ್ತಾರೆ. ತಣ್ಣನೆಯ ಗಾಳಿಯಲ್ಲಿ ತಿರುಗಿದ ಫ್ಯಾನು ಬಿಸಿಯ ಹೊಗೆಯಲ್ಲಿಯೂ ತಿರುಗುವುದೆಂಬ ಅವರ ಊಹೆಯಲ್ಲಿ, ಮೇಲೆ ಹೇಳಿದಂತಹ ಉಪಾಧಿಯೊಂದು ಅಡಗಿದೆ. ಅದು ತಿರುಗಿದುದು ತಣ್ಪಿನ ನಿಬಂಧನೆಯಿಂದ. ಆ ನಿಬಂಧನೆಯು ತಪ್ಪಿದಾಗ ಆಗುವ ಬದಲಾವಣೆಗಳನ್ನು ಒಂದೊಂದಾಗಿ ನೋಡುವುದು ಯುಕ್ತ. ಇಲ್ಲಿ ಹೇಳುವ ಡಿಗ್ರಿಗಳೆಲ್ಲವೂ ಸೆಲ್ಸಿಯಸ್ ಮಾಪನದವು.

ಮೊದಲನೆಯದು ಗಾಳಿಯ ಭಾರ. ೨೦ ಡಿಗ್ರಿಯಲ್ಲಿ ಒಂದು ಘನಮೀಟರು ಗಾಳಿಯ ತೂಕವು ಸುಮಾರು ೧.೨ ಕಿಲೋಗ್ರಾಂ, ೩೦೦ ಡಿಗ್ರಿಯಲ್ಲಿ ಅದು ಸುಮಾರು ೦.೬ ಕಿಲೋಗ್ರಾಮಿಗೆ ಇಳಿಯುತ್ತದೆ. ಫ್ಯಾನು ಒಂದೇ ವೇಗದಲ್ಲಿ ತಿರುಗುವಾಗ ಎಳೆಯುವ ಗಾಳಿಯ ಗಾತ್ರವು ಹೆಚ್ಚುಕಡಮೆ ಅಷ್ಟೇ ಇರುವುದು. ಆದರೆ ಗಾಳಿಯು ಹಗುರಾದುದರಿಂದ ಅದು ಹುಟ್ಟಿಸುವ ಒತ್ತಡವೂ, ಸಾಗಿಸುವ ಹೊಗೆಯ ತೂಕವೂ ಸುಮಾರು ಅರ್ಧಕ್ಕೆ ಇಳಿಯುತ್ತವೆ. ಆದಕಾರಣ ಎಷ್ಟು ಹೊಗೆಯನ್ನು ಹೊರಹಾಕಬೇಕೆಂಬ ಲೆಕ್ಕವನ್ನು ಬಿಸಿಯ ಗಾಳಿಗೆ ಹೊಂದಿಸಿಯೇ ಮಾಡಬೇಕು. ಇದರಲ್ಲಿ ಒಂದು ಅನುಕೂಲವೂ ಉಂಟು: ಹಗುರಾದ ಗಾಳಿಯನ್ನು ಎಳೆಯಲು ಮೋಟಾರಿಗೆ ಬೇಕಾಗುವ ಶಕ್ತಿಯೂ ಅದೇ ಪ್ರಮಾಣದಲ್ಲಿ ಕಡಮೆಯಾಗುತ್ತದೆ. ಆದರೂ ಬೆಂಕಿಯ ಆರಂಭದಲ್ಲಿ ಗಾಳಿಯು ತಣ್ಣಗಿರುವಾಗಲೇ ಫ್ಯಾನು ಹೊರಡಬೇಕಾಗುವುದರಿಂದ, ಮೋಟಾರನ್ನು ತಣ್ಣನೆಯ ಗಾಳಿಯ ಪೂರ್ಣಭಾರಕ್ಕೆ ತಕ್ಕುದಾಗಿಯೇ ಇಡಬೇಕಾಗುತ್ತದೆ.

ಎರಡನೆಯದು ಲೋಹದ ಹಿಗ್ಗುವಿಕೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಹಳಿಯನ್ನು ಕಾಯಿಸಿ ತೊಡಿಸುವುದನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಫ್ಯಾನಿನ ಅಲಗುಗಳು ಅಲ್ಯೂಮಿನಿಯಮಿನವೂ ಸುತ್ತಣ ಕವಚವು ಉಕ್ಕಿನದೂ ಆಗಿರುವುದುಂಟು. ಅಲ್ಯೂಮಿನಿಯಮು ಉಕ್ಕಿಗಿಂತ ಸುಮಾರು ಇಮ್ಮಡಿಯಾಗಿ ಹಿಗ್ಗುತ್ತದೆ. ನಡುವಿನಿಂದ ತುದಿಯವರೆಗೆ ಅರ್ಧ ಮೀಟರು ಉದ್ದವಿರುವ ಅಲಗು ೩೦೦ ಡಿಗ್ರಿಗೆ ಕಾದಾಗ ಮೂರು ಮಿಲಿಮೀಟರಿಗೂ ಮಿಕ್ಕು ಬೆಳೆಯುತ್ತದೆ. ಅಷ್ಟೇ ಕಾದ ಉಕ್ಕಿನ ಕವಚದ ಅರೆವ್ಯಾಸವು ಎರಡು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಅಲಗಿನ ತುದಿಗೂ ಕವಚಕ್ಕೂ ನಡುವೆ ಬಿಟ್ಟ ಎಡೆಯು ಸಾಲದೆ ಹೋದರೆ ತುದಿಯು ಕವಚಕ್ಕೆ ತಗುಲಿ ಫ್ಯಾನು ಕಚ್ಚಿಕೊಳ್ಳುವುದು. ಎಡೆಯನ್ನು ಬೇಕೆಂದು ಹೆಚ್ಚಾಗಿ ಬಿಟ್ಟರೆ ಗಾಳಿಯು ಆ ಎಡೆಯಿಂದಲೇ ಹಿಂದಕ್ಕೆ ಸೋರಿ ಫ್ಯಾನಿನ ಕಸುವು ಕುಂದುವುದು.

ಮೂರನೆಯದು ಲೋಹದ ಬಲಹಾನಿ. ಅಲ್ಯೂಮಿನಿಯಮು ೬೬೦ ಡಿಗ್ರಿಯಲ್ಲಿ ಕರಗುವುದಾದರೂ ಅದಕ್ಕಿಂತ ಬಹಳ ಮೊದಲೇ ತನ್ನ ಬಿಗಿಯನ್ನು ಕಳೆದುಕೊಳ್ಳತೊಡಗುತ್ತದೆ. ಮೇಲೆ ಹೇಳಿದ ಅಳತೆಯ ಅಲಗು ನಿಮಿಷಕ್ಕೆ ೧೪೪೦ ಸುತ್ತು ತಿರುಗುವಾಗ ಅದರ ತುದಿಯ ಒಂದೊಂದು ಗ್ರಾಂ ಲೋಹವೂ ಒಂದು ಕಿಲೋಗ್ರಾಮಿಗೂ ಹೆಚ್ಚಿನ ತೂಕವು ತೂಗಿದಂತೆ ಹೊರಕ್ಕೆ ಜಗ್ಗುತ್ತದೆ. ಈ ಜಗ್ಗಾಟದಲ್ಲಿ ಕಾದ ಅಲಗು ಮೆಲ್ಲಮೆಲ್ಲನೆ ಎಳೆದು ಉದ್ದವಾಗಬಹುದು, ಬುಡದಲ್ಲಿ ಬಿರಿಯಲೂಬಹುದು.

ನಾಲ್ಕನೆಯದು ಮೋಟಾರಿನ ಒಳಗಣ ಸ್ಥಿತಿ. ಮೋಟಾರಿನ ತಾಮ್ರದ ತಂತಿಗಳಿಗೆ ವಿದ್ಯುತ್ತು ಒಂದರಿಂದೊಂದಕ್ಕೆ ಹಾಯದಂತೆ ಲೇಪಿಸಿದ ನಿರೋಧಕ ವಸ್ತುವೊಂದಿರುತ್ತದೆ. ಇಂತಹ ವಸ್ತುಗಳಿಗೆ ದರ್ಜೆಗಳಿವೆ: ಬಿ ದರ್ಜೆಯದು ೧೩೦ ಡಿಗ್ರಿಗೆ, ಎಫ್ ದರ್ಜೆಯದು ೧೫೫ ಡಿಗ್ರಿಗೆ, ಎಚ್ ದರ್ಜೆಯದು ೧೮೦ ಡಿಗ್ರಿಗೆ ತಕ್ಕವು. ಇವು ವರ್ಷಗಟ್ಟಲೆ ದುಡಿಯುವುದಕ್ಕೆ ಹೇಳಿದ ಮಿತಿಗಳು. ತಾಪವು ಹತ್ತು ಡಿಗ್ರಿ ಏರಿದಂತೆ ನಿರೋಧಕದ ಆಯುಷ್ಯವು ಅರ್ಧರ್ಧವಾಗಿ ಇಳಿಯುವುದೆಂಬುದು ವಿದ್ಯುತ್ ಶಿಲ್ಪಿಗಳ ಸ್ಥೂಲನಿಯಮ. ಹೀಗಿರಲು ೩೦೦ ಡಿಗ್ರಿಯ ಹೊಗೆಯಲ್ಲಿ ಒಂದು ಗಂಟೆ ದುಡಿಯುವ ಮೋಟಾರು ವರ್ಷಗಳ ಆಯುಷ್ಯವನ್ನು ಆ ಒಂದು ಗಂಟೆಯಲ್ಲಿಯೇ ವ್ಯಯಮಾಡಬಹುದು. ಬೇರಿಂಗುಗಳಲ್ಲಿರುವ ಗ್ರೀಸಿನ ಗತಿಯೂ ಹೀಗೆಯೇ. ಸಾಮಾನ್ಯವಾದ ಗ್ರೀಸು ಅಂತಹ ಬಿಸಿಗೆ ನೀರಾಗಿ ಹರಿದುಹೋಗುವುದು, ಇಲ್ಲವೆ ಕರಿಕಾಗುವುದು.

೪. ಪರೀಕ್ಷೆಯ ಕ್ರಮ

ಈ ವಿಕಾರಗಳಲ್ಲಿ ಒಂದೊಂದನ್ನೂ ಲೆಕ್ಕದಿಂದ ಅಳೆಯಬಹುದಾದರೂ, ಎಲ್ಲವೂ ಒಮ್ಮೆಲೇ ಕೂಡಿಬಂದಾಗ ಏನಾಗುವುದೆಂಬುದನ್ನು ಲೆಕ್ಕವೊಂದರಿಂದಲೇ ನಿಶ್ಚಯಿಸಲಾಗದು. ಆದುದರಿಂದ ಫ್ಯಾನನ್ನು ಬಿಸಿಯಲ್ಲಿಯೇ ತಿರುಗಿಸಿ ನೋಡಬೇಕು. ಇದಕ್ಕೆ ಯುರೋಪಿನಲ್ಲಿ ಇ. ಎನ್. ೧೨೧೦೧–೩ ಎಂಬ ಮಾನಕವು ೨೦೦೨ರಲ್ಲಿ ಏರ್ಪಟ್ಟು ೨೦೧೫ರಲ್ಲಿ ಪರಿಷ್ಕೃತವಾಯಿತು. ಐ. ಎಸ್. ಓ. ೨೧೯೨೭–೩ ಎಂಬ ಅಂತರರಾಷ್ಟ್ರೀಯ ಮಾನಕವೂ ಇದೇ ವಿಷಯದ್ದು.

ಪರೀಕ್ಷಾಲಯದಲ್ಲಿ ಫ್ಯಾನನ್ನು ಕುಲುಮೆಗೆ ಕೂಡಿದ ಕೊಳವೆಯ ಮಾರ್ಗದಲ್ಲಿ ಜೋಡಿಸುತ್ತಾರೆ. ಕಟ್ಟಡದಲ್ಲಿ ಅದು ಅಡ್ಡವಾಗಿ ಕೂಡ್ರತಕ್ಕದ್ದಾದರೆ ಇಲ್ಲಿಯೂ ಅಡ್ಡವಾಗಿಯೇ, ನಿಂತಂತೆ ಇರತಕ್ಕದ್ದಾದರೆ ನಿಂತಂತೆಯೇ ಇಡುತ್ತಾರೆ. ಏಕೆಂದರೆ ಬೇರಿಂಗುಗಳ ಮೇಲೆ ಬೀಳುವ ಭಾರವು ಎರಡು ಭಂಗಿಗಳಲ್ಲಿ ಬೇರೆಬೇರೆಯಾಗಿರುತ್ತದೆ. ಮೊದಲು ಫ್ಯಾನನ್ನು ಸಾಧಾರಣ ಗಾಳಿಯಲ್ಲಿ ಓಡಿಸಿ ಮೋಟಾರು ತನ್ನ ನಿತ್ಯದ ಕಾವಿಗೆ ಬರುವಂತೆ ಮಾಡುತ್ತಾರೆ. ತಣ್ಣನೆಯ ಮೋಟಾರನ್ನು ಪರೀಕ್ಷಿಸಿದರೆ ಅದಕ್ಕೆ ಸಲ್ಲದ ಅನುಕೂಲವನ್ನು ಕೊಟ್ಟಂತಾಗುವುದು. ಬಳಿಕ ಕೆಲವೇ ನಿಮಿಷಗಳಲ್ಲಿ ಹಾಯುವ ಗಾಳಿಯನ್ನು ಗೊತ್ತಾದ ತಾಪಕ್ಕೆ ಏರಿಸಿ, ಗೊತ್ತಾದ ಕಾಲದವರೆಗೂ ಆ ತಾಪವನ್ನು ಇಳಿಯಗೊಡದೆ ಕಾಪಾಡುತ್ತಾರೆ. ನಡುವೆ ಫ್ಯಾನನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಮರಳಿ ಹೊರಡಿಸಿ ನೋಡುವುದೂ ಉಂಟು. ಬೆಂಕಿಯ ಹೊತ್ತಿನಲ್ಲಿ ಊರಿನ ವಿದ್ಯುತ್ತು ಕಡಿದು ಜನರೇಟರಿಗೆ ಬದಲಾಗುವಾಗ ಫ್ಯಾನು ಹೀಗೆಯೇ ನಿಂತು ಹೊರಡಬೇಕಾಗುತ್ತದೆ. ತಿರುಗುತ್ತಿರುವಾಗ ತನ್ನ ಓಟದಿಂದಲೇ ಉಳಿದ ಫ್ಯಾನು, ಒಮ್ಮೆ ನಿಂತರೆ ಹಿಗ್ಗಿದ ಅಲಗು ಕವಚಕ್ಕೆ ಕಚ್ಚಿ ಮತ್ತೆ ಏಳದಿರಬಹುದು. ಪರೀಕ್ಷೆಯುದ್ದಕ್ಕೂ ಗಾಳಿಯ ತಾಪ, ಒತ್ತಡ, ಮೋಟಾರಿಗೆ ಹರಿಯುವ ವಿದ್ಯುತ್ತು ಇವುಗಳನ್ನು ಬರೆದುಕೊಳ್ಳುತ್ತಾರೆ. ಕಾಲವು ತೀರುವ ತನಕ ಫ್ಯಾನು ನಿಲ್ಲದೆ, ಗಾಳಿಯನ್ನು ಎಳೆಯುವ ಕಸುವನ್ನು ಮಿತಿಮೀರಿ ಕಳೆದುಕೊಳ್ಳದೆ ತಿರುಗಿದರೆ ತೇರ್ಗಡೆಯಾಯಿತು.

ತಾಪಕ್ಕೂ ಕಾಲಕ್ಕೂ ತಕ್ಕಂತೆ ದರ್ಜೆಗಳಿವೆ. ಯುರೋಪಿನ ಮಾನಕದ ಎಫ್ ೨೦೦ ಎಂಬ ದರ್ಜೆಯ ಫ್ಯಾನು ೨೦೦ ಡಿಗ್ರಿಯಲ್ಲಿ ೧೨೦ ನಿಮಿಷ, ಎಫ್ ೩೦೦ ಎಂಬುದು ೩೦೦ ಡಿಗ್ರಿಯಲ್ಲಿ ೬೦ ನಿಮಿಷ, ಎಫ್ ೬೦೦ ಎಂಬುದು ೬೦೦ ಡಿಗ್ರಿಯಲ್ಲಿ ೬೦ ನಿಮಿಷ, ಎಫ್ ೮೪೨ ಎಂಬುದು ೮೪೨ ಡಿಗ್ರಿಯಲ್ಲಿ ೩೦ ನಿಮಿಷ ನಡೆಯಬೇಕು. ಈ ಕೊನೆಯ ಅಂಕಿಯು ವಿಚಿತ್ರವಾಗಿ ತೋರಬಹುದು. ಕಟ್ಟಡದ ಭಾಗಗಳನ್ನು ಕುಲುಮೆಯಲ್ಲಿ ಪರೀಕ್ಷಿಸುವಾಗ ತಾಪವನ್ನು ಏರಿಸತಕ್ಕ ಗೊತ್ತಾದ ರೇಖೆಯೊಂದಿದೆ. ಆ ರೇಖೆಯು ಮೂವತ್ತನೆಯ ನಿಮಿಷದಲ್ಲಿ ಮುಟ್ಟುವ ತಾಪವೇ ೮೪೨ ಡಿಗ್ರಿ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ ೨೦೧೬ರ ಆವೃತ್ತಿಯು ಹೊಗೆ ಹೊರಹಾಕುವ ಫ್ಯಾನುಗಳಿಗೆ ೨೫೦ ಡಿಗ್ರಿಯಲ್ಲಿ ೧೨೦ ನಿಮಿಷಗಳ ಸಾಮರ್ಥ್ಯವನ್ನು ಹೇಳಿದೆ. ವಾಹನಗಳ ನೆಲಮಾಳಿಗೆಯಲ್ಲಿ ಬೆಂಕಿಯಾದಾಗ ಒಳಗಣ ಗಾಳಿಯನ್ನು ಗಂಟೆಗೆ ಹನ್ನೆರಡು ಸಲ ಬದಲಾಯಿಸುವಷ್ಟು ಕಸುವು ಬೇಕೆಂದೂ ಅದರಲ್ಲಿದೆ.

ಉರಿಯ ನಡುವೆ ಸಾವಿರ ಡಿಗ್ರಿಯ ತಾಪವಿರಬಹುದಾಗಿರುವಾಗ ೨೫೦ ಡಿಗ್ರಿಯ ಪರೀಕ್ಷೆಯು ಹೇಗೆ ಸಾಕಾದೀತೆಂಬ ಪ್ರಶ್ನೆಯು ಸಹಜವಾದುದು. ಹೊಗೆಯು ಉರಿಯಿಂದೆದ್ದು ಚಾವಣಿಗೆ ಮುಟ್ಟುವಷ್ಟರಲ್ಲಿ ಸುತ್ತಣ ತಣ್ಣನೆಯ ಗಾಳಿಯನ್ನು ತನ್ನೊಳಕ್ಕೆ ಎಳೆದುಕೊಂಡು ಆರುತ್ತದೆ. ಫ್ಯಾನಿನ ಬಳಿಗೆ ಬರುವಷ್ಟರಲ್ಲಿ ಇನ್ನೂ ಆರುತ್ತದೆ. ನೀರು ಚಿಮುಕಿಸುವ ಸ್ಪ್ರಿಂಕ್ಲರುಗಳಿದ್ದಲ್ಲಿ ಮತ್ತಷ್ಟು ಆರುತ್ತದೆ. ಇದಲ್ಲದೆ, ತಲೆಯ ಮೇಲಣ ಹೊಗೆಯ ಪದರವು ೨೦೦ ಡಿಗ್ರಿಗೆ ಮುಟ್ಟಿದರೆ ಅದರಿಂದ ಕೆಳಕ್ಕೆ ಸೂಸುವ ಝಳವೇ ನಡೆದುಹೋಗುವವರಿಗೆ ಸಹಿಸಲಾರದಷ್ಟಾಗುತ್ತದೆ. ಅಂದರೆ ಜನರು ತಪ್ಪಿಸಿಕೊಳ್ಳುವ ಕಾಲದ ಮಟ್ಟಿಗೆ ೨೦೦ ರಿಂದ ೩೦೦ ಡಿಗ್ರಿಯೊಳಗಿನ ದರ್ಜೆಗಳು ನ್ಯಾಯವಾದವು. ಕೋಣೆಯಲ್ಲಿರುವ ವಸ್ತುಗಳೆಲ್ಲವೂ ಒಮ್ಮೆಲೇ ಹೊತ್ತಿಕೊಳ್ಳುವ ಸ್ಥಿತಿಯು ಹೊಗೆಯ ಪದರವು ಸುಮಾರು ೬೦೦ ಡಿಗ್ರಿಗೆ ಬಂದಾಗ ಒದಗುವುದು. ಅಷ್ಟು ಹೊತ್ತಿಗೆ ಆ ಕೋಣೆಯಲ್ಲಿ ಬದುಕಿರುವವರು ಯಾರೂ ಇರಲಾರರು. ಅಂತಹ ತಾಪದ ದರ್ಜೆಗಳು ಬೆಂಕಿಯನ್ನು ನಂದಿಸುವವರಿಗೂ, ಬೇರೆ ಭಾಗಗಳಲ್ಲಿ ಸಿಕ್ಕಿಕೊಂಡವರಿಗೂ ಉಪಯುಕ್ತವಾಗುವುವು.

೫. ಪ್ರಮಾಣಪತ್ರದ ಮಿತಿ

ಪರೀಕ್ಷೆಗೆ ಒಳಗಾದ ಫ್ಯಾನು ಮರಳಿ ಕಟ್ಟಡಕ್ಕೆ ಬರುವುದಿಲ್ಲ. ತನ್ನ ಆಯುಷ್ಯವನ್ನು ಅದು ಕುಲುಮೆಯಲ್ಲಿಯೇ ಮುಗಿಸಿತು. ಕಟ್ಟಡದಲ್ಲಿರುವುದು ಅದರ ಸಜಾತಿಯಾದ ಇನ್ನೊಂದು. ಆದುದರಿಂದ ಪ್ರಮಾಣಪತ್ರವೂ ಒಂದು ಅನುಮಾನವೇ, ಸಾದೃಶ್ಯವೇ ಅದರ ಆಧಾರ. ಪರೀಕ್ಷೆಯಾದ ಫ್ಯಾನಿನ ಮೋಟಾರು, ಅಲಗು, ಬೇರಿಂಗು, ಗ್ರೀಸು, ಭಂಗಿ ಇವುಗಳಲ್ಲಿ ಒಂದನ್ನು ಬದಲಾಯಿಸಿದರೂ ಅನುಮಾನದ ಬುಡವು ಸಡಿಲವಾಗುತ್ತದೆ. ಸುಟ್ಟ ಮೋಟಾರನ್ನು ತೆಗೆದು ಅಷ್ಟೇ ಅಶ್ವಶಕ್ತಿಯ ಸಾಧಾರಣ ಮೋಟಾರನ್ನು ಕೂಡ್ರಿಸಿದರೆ ಫ್ಯಾನು ಎಂದಿನಂತೆ ತಿರುಗುವುದು, ಹೊರಗಿನ ಫಲಕದ ಮೇಲೆ ೨೫೦ ಡಿಗ್ರಿಯೆಂಬ ಬರಹವೂ ಉಳಿಯುವುದು. ಬರಹದ ಅರ್ಥವು ಮಾತ್ರ ಹೋಗಿರುವುದು.

ಫ್ಯಾನಿನ ಸುತ್ತಣ ಸಂಗತಿಗಳೂ ಇಷ್ಟೇ ಮುಖ್ಯವಾದವು. ಫ್ಯಾನು ಎರಡು ಗಂಟೆ ತಾಳಬಲ್ಲುದಾದರೂ ಅದಕ್ಕೆ ವಿದ್ಯುತ್ತನ್ನು ತರುವ ತಂತಿಯು ಹತ್ತು ನಿಮಿಷಕ್ಕೇ ಸುಟ್ಟುಹೋದರೆ ಪ್ರಯೋಜನವಿಲ್ಲ. ಕೊಳವೆಗೂ ಫ್ಯಾನಿಗೂ ನಡುವಣ ಮೆತ್ತನೆಯ ಬಟ್ಟೆಯ ಕೂಡಿಕೆಯು ಉರಿದುಹೋದರೆ ಹೊಗೆಯು ಅಲ್ಲಿಂದಲೇ ಕಟ್ಟಡದೊಳಕ್ಕೆ ಹರಡುವುದು. ಮೋಟಾರು ಮಿತಿಮೀರಿ ಕಾದಾಗ ತಾನಾಗಿ ವಿದ್ಯುತ್ತನ್ನು ಕಡಿಯುವ ರಕ್ಷಕ ಸಲಕರಣೆಯೊಂದಿರುತ್ತದೆ. ನಿತ್ಯದ ಬಳಕೆಯಲ್ಲಿ ಅದು ಮೋಟಾರನ್ನು ಕಾಯುತ್ತದೆ. ಬೆಂಕಿಯ ಹೊತ್ತಿನಲ್ಲಿ ಅದೇ ಮೋಟಾರನ್ನು ಉಳಿಸಹೋಗಿ ಮನುಷ್ಯರನ್ನು ಕಳೆಯುವುದು. ಆದಕಾರಣ ಬೆಂಕಿಯ ಸೂಚನೆಯು ಬಂದೊಡನೆ ಆ ರಕ್ಷಣೆಯನ್ನು ಬದಿಗೊತ್ತುವಂತೆ ಏರ್ಪಡಿಸುವುದುಂಟು. ಸಾಯುವ ತನಕ ದುಡಿಯಬೇಕಾದ ಯಂತ್ರವಿದು. ಒಮ್ಮೆ ಬೆಂಕಿಯ ಹೊಗೆಯನ್ನು ಎಳೆದ ಫ್ಯಾನು ಆಮೇಲೆ ಸರಿಯಾಗಿಯೇ ತಿರುಗುವಂತೆ ಕಂಡರೂ ಅದನ್ನು ನಂಬತಕ್ಕದ್ದಲ್ಲ.

ಹೊಗೆ ಹೊರಕ್ಕೆ ಹೋಗಬೇಕಾದರೆ ಅಷ್ಟೇ ಗಾಳಿಯು ಒಳಕ್ಕೆ ಬರಬೇಕೆಂಬುದನ್ನೂ ಮರೆಯಲಾಗದು. ಬಾಗಿಲನ್ನು ಬಿಗಿದು ಮುಚ್ಚಿದ ಅಡಿಗೆಮನೆಯಲ್ಲಿ ಬೆಳಕಿಂಡಿಯು ಹೇಗೆ ನಿರುಪಯೋಗಿಯೋ, ಗಾಳಿಯ ಪ್ರವೇಶದ ಹಾದಿಗೆ ಸಾಮಾನುಗಳನ್ನು ಒಟ್ಟಿದ ನೆಲಮಾಳಿಗೆಯಲ್ಲಿ ಉತ್ತಮವಾದ ಫ್ಯಾನೂ ಹಾಗೆಯೇ ನಿರುಪಯೋಗಿ.

ಒಟ್ಟಿನಲ್ಲಿ ಈ ಪರೀಕ್ಷೆಯ ತಾತ್ಪರ್ಯವು ಇಷ್ಟು: ತಣ್ಪಿನಲ್ಲಿ ಸಿದ್ಧವಾದುದು ಬಿಸಿಯಲ್ಲಿ ಸಿದ್ಧವಾದಂತಲ್ಲ, ಮತ್ತು ಕುಲುಮೆಯಲ್ಲಿ ಸಿದ್ಧವಾದುದು ಕಟ್ಟಡದಲ್ಲಿ ತಾನಾಗಿ ಸಿದ್ಧವಾಗುವುದಿಲ್ಲ. ಹುಬ್ಬಳ್ಳಿ ಧಾರವಾಡಗಳಲ್ಲಿ ನೆಲಮಾಳಿಗೆಗಳುಳ್ಳ ಅಂತಸ್ತಿನ ಕಟ್ಟಡಗಳು ಎದ್ದಿವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಜನರು ಆಸ್ಪತ್ರೆಗೆಂದೂ ಅಂಗಡಿಗೆಂದೂ ಅವುಗಳೊಳಕ್ಕೆ ಹೋಗಿಬರುವವರು. ಅಂತಹ ಕಟ್ಟಡಗಳನ್ನು ನೋಡಿಕೊಳ್ಳುವವರು ಕೇಳಿಕೊಳ್ಳತಕ್ಕ ಪ್ರಶ್ನೆಗಳು ಕೆಲವೇ. ಫ್ಯಾನು ಎಷ್ಟು ತಾಪಕ್ಕೆ, ಎಷ್ಟು ಹೊತ್ತಿಗೆ ಪರೀಕ್ಷಿತವಾದುದು? ಈಗ ಅದರಲ್ಲಿರುವ ಮೋಟಾರು ಪರೀಕ್ಷೆಯಾದ ಜಾತಿಯದೇ? ತಂತಿಯೂ ಕೂಡಿಕೆಗಳೂ ಅಷ್ಟು ಹೊತ್ತು ತಾಳುವುವೇ? ಗಾಳಿಯು ಒಳಬರುವ ಹಾದಿಯು ತೆರೆದಿದೆಯೇ? ಇವುಗಳಿಗೆ ಉತ್ತರವನ್ನು ಶಾಂತಿಯ ದಿನಗಳಲ್ಲಿಯೇ ಪಡೆದಿರಬೇಕು. ಹೊಗೆಯು ಮೆಟ್ಟಿಲನ್ನು ತುಂಬಿದ ಮೇಲೆ ಕೇಳಲು ಕಾಲವಿರುವುದಿಲ್ಲ.